ಅಲುಗಾಡದ ಧ್ವನಿತಂತು

ಓಪಿಡಿಗೆ ಬಂದವರ ಚೀಟಿಯಲ್ಲಿ ಆಸ್ತಮಾ ಎಂದಿತ್ತು. ಎರಡು ಬಗೆಯ ಇನ್‌ಹೇಲರ್ ಎಳೆದರೂ ಗುಣವಿಲ್ಲ. ಸ್ಟೆತಸ್ಕೋಪನ್ನು ಕುತ್ತಿಗೆಗೆ ಇಟ್ಟರೆ ಎದೆಗಿಂತ ಜೋರು ಸದ್ದು, ಉಸಿರು ಎಳೆಯುವಾಗಲೂ ಬಿಡುವಾಗಲೂ. ಹಳೆಯ ಡಿಸ್ಚಾರ್ಜ್ ಸಮ್ಮರಿಯಲ್ಲಿ ಉತ್ತರ ಸಿಕ್ಕಿತು: ಬೆಳೆಗೆ ಹೊಡೆಯುವ ಔಷಧಿ ಕುಡಿದು 12 ದಿನ ವೆಂಟಿಲೇಟರ್‌ನಲ್ಲಿದ್ದವರು.

ಉಸಿರಿನ ಹರಿವನ್ನು ಗೆರೆಯಾಗಿ ತೋರಿಸುವ ಸ್ಪೈರೋಮೆಟ್ರಿ ಮಾಡಿಸಿದೆವು. ಆಸ್ತಮಾದಲ್ಲಿ ಉಸಿರು ಬಿಡುವ ಗೆರೆ ಒಳಕ್ಕೆ ಬಾಗಿರುತ್ತದೆ. ಇಲ್ಲಿ ಬಿಡುವ ಗೆರೆಯೂ ಎಳೆಯುವ ಗೆರೆಯೂ ಎರಡೂ ಚಪ್ಪಟೆ. ಮೂಗಿನಿಂದ ಸ್ಕೋಪ್ ಇಳಿಸಿದಾಗ ಧ್ವನಿತಂತುಗಳೆರಡೂ ನಡುವಿಗೆ ಬಂದು ನಿಂತಿದ್ದವು, ತೆರೆಯುತ್ತಿರಲಿಲ್ಲ.

ನರ ಸತ್ತಿದೆಯೋ, ಗಾಯದ ಕಲೆ ಕಟ್ಟಿಹಾಕಿದೆಯೋ? ಇಂಥ ವಿಷ ನರಕ್ಕೂ ತಟ್ಟುವುದರಿಂದ ಅನುಮಾನ ಸುಲಭವಾಗಿ ಬಗೆಹರಿಯುವುದಿಲ್ಲ. ವೆಂಟಿಲೇಟರ್‌ಗಾಗಿ ಬಾಯಿಂದ ಹಾಕಿದ ಟ್ಯೂಬು ಧ್ವನಿಪೆಟ್ಟಿಗೆಯ ಹಿಂಗೋಡೆಗೇ ಒರಗಿರುತ್ತದೆ. ದಪ್ಪ ಟ್ಯೂಬಾದರೆ ಆ ಒತ್ತಡಕ್ಕೆ ರಕ್ತ ಹರಿಯದೆ ಹುಣ್ಣಾಗಿ, ಮಾಯುವಾಗ ಎರಡು ಅರಿಟಿನಾಯ್ಡ್‌ಗಳ (ಧ್ವನಿತಂತುಗಳ ಹಿಂತುದಿ ಅಂಟಿರುವ ಪುಟ್ಟ ಮೃದ್ವಸ್ಥಿಗಳ) ನಡುವೆ ಕಲೆಯ ಪಟ್ಟಿ ಬೆಳೆಯುತ್ತದೆ. ಸ್ಕೋಪಿನಲ್ಲಿ ಬರೀ ನೋಡಿದರೆ ನರದ ತೊಂದರೆಯೂ ಕಲೆಯೂ ಒಂದೇ ಥರ. ಕಣ್ಣನ್ನು ನಂಬಿ ಧ್ವನಿತಂತು ಕತ್ತರಿಸಿದರೆ ಇದ್ದ ಧ್ವನಿಯೂ ಹೋದಂತೆ.

ಆದ್ದರಿಂದ ಓಟಿಯಲ್ಲಿ ಅರಿವಳಿಕೆ ಕೊಟ್ಟು, ಧ್ವನಿಪೆಟ್ಟಿಗೆ ನೋಡುವ ಲ್ಯಾರಿಂಗೋಸ್ಕೋಪ್ ತೂಗುಹಾಕಿ, ಅರಿಟಿನಾಯ್ಡನ್ನು ಪ್ರೋಬಿನಿಂದ ತಳ್ಳಿ ನೋಡಲೇಬೇಕು. ಸರಾಗವಾಗಿ ಸರಿದರೆ ನರದ ತೊಂದರೆ. ಇವರಲ್ಲಿ ಒಂದನ್ನು ತಳ್ಳಿದರೆ ಇನ್ನೊಂದೂ ಜೊತೆಗೆ ಬಂತು. ಪಟ್ಟಿಯ ಹಿಂದೆ ಪ್ರೋಬು ತೂರುವಷ್ಟು ಸಂದಿಯಿತ್ತು. ಇಂಥ ಕಲೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸುವ ಬೊಗ್ದಸೇರಿಯನ್ ವರ್ಗೀಕರಣದಲ್ಲಿ ಇದು ಮೊದಲನೆಯದು, ಅದೃಷ್ಟದ ಬಗೆ. ನಾಲ್ಕನೆಯದರಲ್ಲಿ ಅರಿಟಿನಾಯ್ಡ್‌ಗಳ ಎರಡೂ ಕೀಲುಗಳು ಬೆಸೆದುಕೊಂಡಿರುತ್ತವೆ, ಉಸಿರಿಗಾಗಿ ಧ್ವನಿಯನ್ನು ಒಂದಿಷ್ಟು ಬಿಟ್ಟುಕೊಡಬೇಕಾಗುತ್ತದೆ.

ತೊಡಕೆಂದರೆ, ಅರಿವಳಿಕೆಯಲ್ಲಿ ಉಸಿರಿಗೆ ಹಾಕುವ 5ನೇ ನಂಬರಿನ ಸಣ್ಣ ಟ್ಯೂಬು ಕೂಡ ಕತ್ತರಿಸಬೇಕಾದ ಜಾಗದಲ್ಲೇ ಕೂತಿರುತ್ತದೆ. ಅದನ್ನು ತೆಗೆದು, ಆಮ್ಲಜನಕದ ಮಟ್ಟ ಇಳಿಯುವ ಮುನ್ನ ಒಂದಿಷ್ಟು ಕತ್ತರಿಸಿ, ಮತ್ತೆ ಹಾಕಿ, ಹೀಗೆ ಕಂತುಕಂತಾಗಿ ನಡೆಯಿತು. ನಾವು ಸಣ್ಣ ಕತ್ತರಿಯನ್ನೇ ಬಳಸಿದೆವು. ಲೇಸರ್ ಆದರೆ ಆಮ್ಲಜನಕ ಶೇ. 30 ಮೀರದಂತೆ ಇಡಬೇಕು, ಇಲ್ಲದಿದ್ದರೆ ಟ್ಯೂಬಿಗೇ ಬೆಂಕಿ ಹತ್ತೀತು. ಬಳಿಕ ಕಲೆ ಮತ್ತೆ ಕಟ್ಟದಿರಲೆಂದು ಮೈಟೊಮೈಸಿನ್ ಔಷಧಿಯ ಹತ್ತಿ, ಮಿ.ಲೀ.ಗೆ 0.4 ಮಿ.ಗ್ರಾಂ., 4 ನಿಮಿಷ. ಅದರ ಲಾಭದ ಬಗ್ಗೆ ವಾದ ಇನ್ನೂ ಮುಗಿದಿಲ್ಲ.

ಪಟ್ಟಿ ತುಂಡಾದ ಕೂಡಲೇ ಅರಿಟಿನಾಯ್ಡ್‌ಗಳು ಬೇರೆಯಾದವು. ಆ ರಾತ್ರಿ ತಲೆದಿಂಬು ಎತ್ತರಿಸಿ, ಊತ ತಗ್ಗಿಸುವ ಡೆಕ್ಸಾಮೆಥಾಸೋನ್ ಕೊಟ್ಟು, ಕುತ್ತಿಗೆಯಲ್ಲಿ ಉಸಿರಿಗೆ ದಾರಿ ಮಾಡುವ ಟ್ರೇಕಿಯಾಸ್ಟಮಿ ಸೆಟ್ಟನ್ನು ಹಾಸಿಗೆ ಪಕ್ಕದಲ್ಲೇ ಇಟ್ಟಿದ್ದೆವು. ಮರುದಿನದಿಂದ ಮೂಗಿನಲ್ಲಿ ಜೋರಾಗಿ ಉಸಿರೆಳೆಯುವ ವ್ಯಾಯಾಮ. ಹಸಿ ಗಾಯದ ಅಂಚುಗಳು ಮತ್ತೆ ಅಂಟಿಕೊಳ್ಳಬಾರದಲ್ಲ. ಮುಂದೆ ಯಾವ ಆಪರೇಷನ್‌ಗೆ ಹೋದರೂ ಅರಿವಳಿಕೆ ವೈದ್ಯರಿಗೆ ತೋರಿಸಲು, ಸಣ್ಣ ಟ್ಯೂಬು ಸಾಕೆಂದು ಬರೆದ ಚೀಟಿಯೊಂದನ್ನು ಅವರ ಕೈಗೆ ಕೊಟ್ಟೆವು.