ಮೋಶೆ ಅಂದರೆ ‘ನೀರಿನಿಂದ ಎಳೆಯಲ್ಪಟ್ಟವನು’ ಅಂತಾನಾ?

ನಾನು ಸಂಡೇ ಸ್ಕೂಲಿನಲ್ಲಿ ಪಾಠ ಹೇಳುತ್ತೇನೆ, ಒಂದಿಷ್ಟು ಹೀಬ್ರೂ ಓದಿಕೊಂಡಿದ್ದೇನೆ ಅಂತ ಗೊತ್ತಾದ ಕೂಡಲೇ ಈ ಪ್ರಶ್ನೆ ಬರುತ್ತದೆ. ಮಗುವಿಗೆ ಹೆಸರು ಹುಡುಕುತ್ತಿರುವವರಂತೂ ಕೇಳದೆ ಬಿಡುವುದಿಲ್ಲ.

ಹೌದು, ಆದರೆ ಪೂರ್ತಿ ಹೌದಲ್ಲ.

ಬೈಬಲಿನ ಕಥೆ ಗೊತ್ತಲ್ವಾ? ಇಬ್ರಿಯರಿಗೆ, ಅಂದರೆ ಹೀಬ್ರೂ ಜನರಿಗೆ, ಹುಟ್ಟುವ ಗಂಡುಮಕ್ಕಳನ್ನೆಲ್ಲ ನೈಲ್ ನದಿಗೆ ಎಸೆಯಿರಿ ಅಂತ ಐಗುಪ್ತದ (ಈಜಿಪ್ಟಿನ) ರಾಜ ಫರೋಹನ ಅಪ್ಪಣೆ. ತಾಯಿ ಮೂರು ತಿಂಗಳು ಬಚ್ಚಿಟ್ಟು, ಆಮೇಲೆ ರಾಳ ಮೆತ್ತಿದ ಬುಟ್ಟಿಯಲ್ಲಿ ಕೂಸನ್ನು ಮಲಗಿಸಿ ಜೊಂಡಿನ ನಡುವೆ ಇಡುತ್ತಾಳೆ. ಸ್ನಾನಕ್ಕೆ ಬಂದ ಫರೋಹನ ಮಗಳಿಗೆ ಅದು ಸಿಗುತ್ತದೆ. ಮಗು ಹಾಲು ಬಿಟ್ಟ ಮೇಲೆ ಅವಳು ಇಡುವ ಹೆಸರು ಮೋಶೆ. ನೀರಿನಿಂದ ಎಳೆದುಕೊಂಡೆ, ಅದಕ್ಕೇ ಈ ಹೆಸರು ಅನ್ನುತ್ತಾಳೆ (ವಿಮೋಚನಕಾಂಡ 2:10). ಹೀಬ್ರೂನಲ್ಲಿ ‘ಮಾಶಾ’ ಅಂದರೆ ಎಳೆ, ಹೊರಗೆ ತೆಗೆ. ನೀರು ಕಥೆಯಲ್ಲಿದೆ, ಹೆಸರಿನಲ್ಲಿ ಇಲ್ಲ.

ಇನ್ನೊಂದು ತೊಡಕು ವ್ಯಾಕರಣದ್ದು. ‘ಎಳೆಯಲ್ಪಟ್ಟವನು’ ಅನ್ನಬೇಕಿದ್ದರೆ ‘ಮಾಶೂಯ್’ ಆಗಬೇಕಿತ್ತು. ಮೋಶೆ ಅಂದರೆ ಎಳೆಯುವವನು! ನನಗೆ ತುಂಬ ಇಷ್ಟವಾಗುವುದು ಇದೇ, ಯಾಕಂದರೆ ನೀರಿನಿಂದ ಎಳೆಸಿಕೊಂಡ ಕೂಸು ಮುಂದೆ ಒಂದಿಡೀ ಜನವನ್ನು ಸಮುದ್ರ ದಾಟಿಸಿ ಎಳೆದು ತರುತ್ತದೆ. ಬೈಬಲಿನ ಯೆಶಾಯ ಪುಸ್ತಕದ 63:11ರಲ್ಲೂ ಮೋಶೆ, ಅವನ ಜನ, ಸಮುದ್ರ ಮೂರೂ ಒಟ್ಟಿಗೇ ಬರುತ್ತವೆ, ಅಲ್ಲಿ ಇದೇ ಶ್ಲೇಷೆ ಕೇಳಿಸುತ್ತದೆ.

ಆದರೆ ಐಗುಪ್ತದ ರಾಜಕುಮಾರಿ ಹೀಬ್ರೂನಲ್ಲಿ ಯಾಕೆ ಹೆಸರಿಟ್ಟಳು? ಇದು ಹೊಸ ಅನುಮಾನವಲ್ಲ. 12ನೇ ಶತಮಾನದ ಯೆಹೂದಿ ವ್ಯಾಖ್ಯಾನಕಾರ ಇಬ್ನ್ ಎಜ್ರಾ ಕೂಡ ತಲೆ ಕೆರೆದುಕೊಂಡು, ಮೋಶೆ ಅನ್ನುವುದು ಐಗುಪ್ತ ಹೆಸರೊಂದರ ಅನುವಾದ ಇರಬೇಕು ಅಂದಿದ್ದ. ಇವತ್ತಿನ ವಿದ್ವಾಂಸರಲ್ಲಿ ಜಾಸ್ತಿ ಜನ ಬೇರೆ ಮಾತು ಹೇಳುತ್ತಾರೆ. ಐಗುಪ್ತ ಭಾಷೆಯಲ್ಲಿ ‘ಮೋಸ್’ ಅಂದರೆ ಹುಟ್ಟಿದ, ಹೆತ್ತ ಅನ್ನುವ ಅರ್ಥ. ಥುಟ್‌ಮೋಸ್ ಅಂದರೆ ಥೋತ್ ದೇವರು ಹುಟ್ಟಿದ. ಅಹ್‌ಮೋಸ್, ರಾಮ್ಸೆಸ್ ಎಲ್ಲ ಇದೇ ಬಳಗ. ದೇವರ ಹೆಸರಿಲ್ಲದೆ ಸುಮ್ನೆ ‘ಮೋಸ್’ ಅಂತ ಹೆಸರಿದ್ದವರೂ ಅಲ್ಲಿದ್ದರು. ಒಪ್ಪದವರು ‘ಸ’ ಎಲ್ಲಿ, ‘ಶ’ ಎಲ್ಲಿ ಅಂತ ಕೇಳುತ್ತಾರೆ. ಅದೂ ಸರಿಯಾದ ಪ್ರಶ್ನೆಯೇ, ಯಾಕಂದರೆ ವಿಮೋಚನಕಾಂಡದ 1:11ರಲ್ಲಿ ಬರುವ ರಾಮ್ಸೇಸ್ ಊರಿನ ಹೆಸರನ್ನು ಹೀಬ್ರೂನಲ್ಲಿ ‘ಸ’ದಲ್ಲೇ ಬರೆದಿದ್ದಾರೆ.

ನನ್ನ ಲೆಕ್ಕ ಇಷ್ಟು: ಹೆಸರು ಹುಟ್ಟಿದ್ದು ಐಗುಪ್ತದಲ್ಲಿ, ಅರ್ಥ ಕೊಟ್ಟಿದ್ದು ಹೀಬ್ರೂ ಕಿವಿ. ಒಂದಿದ್ದರೆ ಇನ್ನೊಂದು ಸುಳ್ಳಾಗಬೇಕಿಲ್ಲ.

ಹೆಸರಿಡುವವರಿಗೆ ಒಂದು ಮಾತು. ಗ್ರೀಕರ ಬಾಯಲ್ಲಿ ‘ಶ’ ಇರಲಿಲ್ಲ, ಅದಕ್ಕೇ ಇಂಗ್ಲಿಷಿಗೆ ಬರುವಷ್ಟರಲ್ಲಿ ಮೋಸೆಸ್ ಆಯಿತು. ನಮ್ಮ ಕನ್ನಡ ಬೈಬಲ್ ಹೀಬ್ರೂ ಉಚ್ಚಾರವನ್ನೇ ಉಳಿಸಿಕೊಂಡಿದೆ. ನಮ್ಮ ಕ್ಲಾಸಿನಲ್ಲಿ ಮೋಸೆಸ್ ಅಂತ ಒಬ್ಬನಿದ್ದ. ಹತ್ತನೇ ಕ್ಲಾಸು ಮುಗಿಯುವವರೆಗೂ ಪಾಪ ಅವನು ‘ಮೋಸ’ನೇ ಆಗಿದ್ದ. ನೀವು ಮೋಶೆ ಅಂತಲೇ ಇಡಿ.