ನಿರ್ದಯ ಅಂದ್ರೂ ನಿರ್ದಾಕ್ಷಿಣ್ಯ ಅಂದ್ರೂ ಒಂದನ ಏನ್ರಿ?

ಗದಗಿನ್ಯಾಗ ಡಿಟಿಪಿ ಅಂಗಡಿ ಇಟಗೊಂಡು ಕುಂತ ನನಗ ಅರ್ಜಿ ಬರೆಸಾಕ ಬರೋ ಮಂದಿ ಒಂದಿಲ್ಲೊಂದು ದಿನ ಇದನ್ನ ಕೇಳೇ ಕೇಳ್ತಾರ. ಮೊನ್ನೆ ಒಬ್ರು ಅಜ್ಜಾರು ರೂಲಿನ ಹಾಳ್ಯಾಗ "ನಮ್ಮ ಹೊಲದ ದಾರಿ ಒತ್ತಿದವರ ಮೇಲೆ ನಿರ್ದಯ ಕ್ರಮ ಕೈಗೊಳ್ಳಬೇಕು" ಅಂತ ಬರಕೊಂಡು ಬಂದಿದ್ರು. ನಾ ನಿರ್ದಾಕ್ಷಿಣ್ಯ ಅಂತ ಟೈಪ್ ಮಾಡಿದೆ. ಪ್ರಿಂಟ್ ನೋಡಿ "ಯಾಕ ತಮ್ಮಾ, ಶಬ್ದ ಉದ್ದ ಆದ್ರ ರೊಕ್ಕ ಜಾಸ್ತಿ ಏನು?" ಅಂದ್ರು.

ಇಲ್ರಿ, ಎರಡೂ ಬ್ಯಾರೆ. ದಯಾ ಇಲ್ದಾಂವ ನಿರ್ದಯಿ, ಅದು ಎದಿ ಒಳಗಿನ ಮಾತು, ನಮ್ಮ ಕಡೆ ಅಂತಃಕರಣ ಇಲ್ದಾಂವ ಅಂತೇವಲ್ಲ ಅದು. ದಾಕ್ಷಿಣ್ಯ ಅಂದ್ರ ಭಿಡೆ, ಮುಲಾಜು, ಎದುರಿಗಿದ್ದವರ ಮಾರಿ ನೋಡಿ ಒಲ್ಲೆ ಅನ್ನಾಕ ಬಾಯಿ ಬರದ ಇರೋದು, ಹೊಟ್ಟಿ ಬಿರಿಯಂಗ ಉಂಡ ಮ್ಯಾಲೂ ಬೀಗರು ಹೋಳಗಿ ತಂದ್ರ ಎಲಿಗೆ ಕೈ ಅಡ್ಡ ಹಿಡಿಯಾಕ ಆಗದ ಇರೋದು. ದಾಕ್ಷಿಣ್ಯಕ್ಕ ಬಸರಾದ್ರ ಹೆರಾಕ ಜಾಗಾ ಇಲ್ಲ ಅಂತ ಗಾದಿನ ಐತಲ್ಲ. ಸಂಸ್ಕೃತದ ನಾಟಕದವರಂತೂ ಹೊಸಾಕಿ ಮ್ಯಾಲೆ ಮನಸಿಟ್ಟೂ ಹಳೇ ಹೆಂಡತಿ ಜೋಡಿ ನಯಾ ನಾಜೂಕಿಲೆ ಇರೋ ಗಂಡಗ ದಕ್ಷಿಣ ನಾಯಕ ಅಂತ ಹೆಸರ ಇಟ್ಟಾರ, ದಾಕ್ಷಿಣ್ಯ ಆ ದಕ್ಷಿಣದಿಂದನ ಬಂದದ್ದು. ಚಲೋ ಹೆಸರು ಬಿಡ್ರಿ ಗಂಡಸರಿಗೆ.

ಹೋದ ತಿಂಗಳು ಹುಬ್ಬಳ್ಳಿ ಬಸ್ಸಿನ್ಯಾಗ ನೋಡಿದ್ದು ಹೇಳ್ತೀನಿ. ಅಣ್ಣಿಗೇರಿಯೊಳಗ ಒಬ್ಬ ಮುದುಕಿ ಮೆಣಸಿನಕಾಯಿದು ಎರಡು ಚೀಲ ಹೇರಕೊಂಡು ಹತ್ತಿದ್ಲು. "ಹೆಣ್ಮಕ್ಕಳಿಗೆ ಫ್ರೀ ಅಲ್ಲೇನೋ ಯಪ್ಪಾ" ಅಂತ ಕಂಡಕ್ಟರನ ಗದ್ದಾ ಹಿಡದ್ಲು. ಅಂವಾ "ಫ್ರೀ ನಿನಗಬೇ ಯವ್ವಾ, ಚೀಲಕ್ಕಲ್ಲ" ಅಂದು ಮಷಿನ್ನಿನ್ಯಾಗ ಲಗೇಜ್ ಟಿಕೆಟ್ ತಗದ ಕೈಯಾಗ ಇಟ್ಟ. ಇದು ನಿರ್ದಾಕ್ಷಿಣ್ಯ. ಇಳಿಯೂ ಮುಂದ ಎರಡೂ ಚೀಲ ತಾನ ಇಳಿಸಿ ಆಟೋದಾಗ ಇಟ್ಟು ಬಂದ, ಅಂಥಾವಗ ನಿರ್ದಯಿ ಅಂತ ಹೆಂಗ ಅನ್ನೂದು? ಕೈ ಮಾಡಿಕೋತ ಓಡಿ ಬರೋ ಮುದುಕಿನ್ನ ಕನ್ನಡಿಯೊಳಗ ನೋಡಿಕೋತನ ಗಾಡಿ ಬಿಡಾಂವ ಇರ್ತಾನಲ್ಲ, ನಿರ್ದಯಿ ಅಂವ.

ಇನ್ನೊಂದು, ಎರಡರಾಗೂ ಬರೋದು ದ. ನಿರ್ಧಾಕ್ಷಿಣ್ಯ ಅಂತ ಹೊಟ್ಟಿ ಸೀಳಿ ಬರಕೊಂಡು ಬರ್ತಾರ, ನಾ ದಿನಾ ತಿದ್ದತೇನಿ.

ಅಜ್ಜಾರು ಎಲ್ಲಾ ಕೇಳಿ ಚಷ್ಮಾ ತಗದು ಒರಸಿಕೋತ "ಹಂಗಾರ ನಿರ್ದಾಕ್ಷಿಣ್ಯನ ಇರ್ಲಿ, ಒತ್ತಿದಾಂವ ನಮ್ಮ ಅಣ್ಣನ ಮಗಾನ" ಅಂದ್ರು. ಹತ್ತು ರೂಪಾಯಿ ಕಮ್ಮಿ ಕೊಟ್ಟು ಹೋದ್ರು, ನಾನೂ ಕೇಳಲಿಲ್ಲ.