ಮಿನಿಟ್ಸ್ ಯಾರು ಬರೀತೀರಾ?

ಮೀಟಿಂಗ್ ಶುರುವಾಗುವ ಮುಂಚೆ ನಾನು ಕೇಳುವ ಮಾತು ಇದು. ಕೇಳಿದ ಕೂಡಲೇ ಒಬ್ಬರು ಚಾರ್ಜರ್ ಹುಡುಕಲು ಶುರು ಮಾಡುತ್ತಾರೆ. ಇನ್ನೊಬ್ಬರಿಗೆ ಆಗಲೇ ತುರ್ತು ಮೆಸೇಜ್ ಬರುತ್ತದೆ. ಉಳಿದವರು ಲ್ಯಾಪ್‌ಟಾಪಿನ ಹಿಂದೆ ತಲೆ ಮರೆಸಿಕೊಳ್ಳುತ್ತಾರೆ. ಕೊನೆಗೆ ಆ ಮೌನ ತಡೆಯಲಾಗದೆ ಯಾರೋ ಒಬ್ಬರು "ಸರಿ, ನಾನೇ ಬರೀತೀನಿ" ಅನ್ನುತ್ತಾರೆ.

ಕೆಲಸಕ್ಕೆ ಸೇರಿದ ಮೊದಲ ಎಂಟು ವರ್ಷ ಆ ಒಬ್ಬರು ನಾನೇ. ಈಗ ಟೀಮ್ ಲೀಡ್ ಆಗಿ ಕೇಳುವ ಕಡೆ ಕೂತಿದ್ದೇನೆ.

ಈ ಮೌನವನ್ನೇ ಲ್ಯಾಬಿನಲ್ಲಿ ಕೂರಿಸಿ ಅಳೆದವರಿದ್ದಾರೆ ಅಂತ ಗೊತ್ತಾದಾಗ ನಗು ಬಂತು. ಲಿಂಡಾ ಬ್ಯಾಬ್‌ಕಾಕ್, ಲೀಸ ವೆಸ್ಟರ್‌ಲುಂಡ್, ಲಾರಿ ವೈನ್‌ಗಾರ್ಟ್, ಮರಿಯಾ ರೆಕಾಲ್ಡೆ ಎಂಬ ನಾಲ್ವರು ಸಂಶೋಧಕಿಯರು ಇದನ್ನು ಮಾಡಿ 2017ರಲ್ಲಿ ಪ್ರಕಟಿಸಿದರು. ಆಟ ಸರಳ. ಮೂವರ ಗುಂಪು, ಎರಡು ನಿಮಿಷ, ಸ್ಕ್ರೀನಿನಲ್ಲಿ ಒಂದು ಬಟನ್. ಯಾರೂ ಒತ್ತದಿದ್ದರೆ ತಲಾ 1 ಡಾಲರ್. ಒಬ್ಬರು ಒತ್ತಿದರೆ ಅವರಿಗೆ 1.25 ಡಾಲರ್, ಸುಮ್ನೆ ಕೂತ ಇಬ್ಬರಿಗೆ 2 ಡಾಲರ್. ಯಾರಾದರೂ ಒತ್ತಲಿ, ಆದರೆ ನಾನಲ್ಲ ಅಂತ ಎಲ್ಲರಿಗೂ ಅನ್ನಿಸುವ ಲೆಕ್ಕ. ಥೇಟ್ ನಮ್ಮ ಮಿನಿಟ್ಸ್!

ಗಂಡಸರು ಹೆಂಗಸರು ಬೆರೆತ ಗುಂಪಿನಲ್ಲಿ ಹೆಂಗಸರು ಶೇ. 48ರಷ್ಟು ಜಾಸ್ತಿ ಸಲ ಒತ್ತಿದರು. ಇದರಲ್ಲೇನು ವಿಶೇಷ, ಹೆಂಗಸರ ಸ್ವಭಾವವೇ ಹಾಗೆ ಅಂತೀರಾ? ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಬರೀ ಹೆಂಗಸರನ್ನು, ಬರೀ ಗಂಡಸರನ್ನು ಬೇರೆ ಬೇರೆ ಕೂರಿಸಿದಾಗ ಆ ವ್ಯತ್ಯಾಸ ಮಾಯ. ಹೆಂಗಸರೇ ಇಲ್ಲದ ಕಡೆ ಗಂಡಸರೂ ಚೆನ್ನಾಗಿಯೇ ಬಟನ್ ಒತ್ತುತ್ತಾರೆ! ಅಂದರೆ ಇದು ಸ್ವಭಾವದ ಮಾತಲ್ಲ. ಕೂತವರಿಗೆಲ್ಲ ಯಾರು ಮೊದಲು ಸೋಲುತ್ತಾರೆ ಅಂತ ಮೊದಲೇ ಗೊತ್ತಿರುತ್ತದೆ, ಅಷ್ಟೇ.

ನನಗೆ ಚುಚ್ಚಿದ್ದು ಮುಂದಿನ ಭಾಗ. ಗುಂಪಿಗೆ ಒಬ್ಬ ಮ್ಯಾನೇಜರ್ ಸೇರಿಸಿ, ಮೂವರಲ್ಲಿ ಒಬ್ಬರಿಗೆ ಬಟನ್ ಒತ್ತಿ ಅಂತ ಆ ಮ್ಯಾನೇಜರ್ ಕೇಳುವ ಹಾಗೆ ಮಾಡಿದರು. ಹೆಂಗಸರಿಗೆ ಶೇ. 44ರಷ್ಟು ಜಾಸ್ತಿ ಕೋರಿಕೆ ಹೋಯಿತು. ಕೇಳಿದಾಗ ಗಂಡಸರು ಶೇ. 51ರಷ್ಟು ಸಲ ಹೂಂ ಅಂದರು, ಹೆಂಗಸರು ಶೇ. 76ರಷ್ಟು ಸಲ. ಹೆಂಗಸು ಮ್ಯಾನೇಜರ್ ಆಗಿದ್ದಾಗಲೂ ಕತೆ ಇದೇ.

ಓದಿದ ರಾತ್ರಿಯೇ ನನ್ನ ಹಳೇ ಮೇಲ್‌ಗಳನ್ನು ತೆಗೆದು ಕೂತೆ. ಮಿನಿಟ್ಸ್, ಹೊಸಬರಿಗೆ ಕೆಲಸ ಹೇಳಿಕೊಡುವುದು, ಬೀಳ್ಕೊಡುಗೆಗೆ ದುಡ್ಡು ಒಟ್ಟು ಮಾಡುವುದು. ಟೀಮಿನಲ್ಲಿ ಒಂಬತ್ತು ಜನ, ಅದರಲ್ಲಿ ಇಬ್ಬರು ಹೆಂಗಸರು. ಇಂಥ ಕೆಲಸಕ್ಕೆ ನಾನು ಕಳಿಸಿದ ಮೇಲ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆ ಇಬ್ಬರಿಗೇ. "ನೀವು ಚೆನ್ನಾಗಿ ಬರೀತೀರಿ, ದಯವಿಟ್ಟು" ಅಂತ ಬೆಣ್ಣೆ ಹಚ್ಚಿ ಬೇರೆ ಬರೆದಿದ್ದೆ. ಎಂಟು ವರ್ಷ ನನಗೆ ಬರುತ್ತಿದ್ದ ಮೇಲ್‌ನಲ್ಲೂ ಇದೇ ವಾಕ್ಯ ಇರುತ್ತಿತ್ತು.

ಈ ಸಂಶೋಧಕರು ಇಂಥದ್ದಕ್ಕೆ ಇಟ್ಟ ಹೆಸರನ್ನು ಕನ್ನಡದಲ್ಲಿ ಹೇಳಿದರೆ 'ಬಡ್ತಿ ತರದ ಕೆಲಸ'. ಮಾಡದಿದ್ದರೆ ಆಫೀಸು ನಡೆಯುವುದಿಲ್ಲ, ಮಾಡಿದರೆ ಅಪ್ರೈಸಲ್‌ನಲ್ಲಿ ಲೆಕ್ಕಕ್ಕಿಲ್ಲ. ಇಂಥ ಕೆಲಸಕ್ಕೆ 'ಇಲ್ಲ' ಅನ್ನುವುದನ್ನು ಕಲಿಯಲು ಬ್ಯಾಬ್‌ಕಾಕ್ ಮತ್ತು ಗೆಳತಿಯರು 2010ರಲ್ಲೇ ಐವರ ಕೂಟ ಕಟ್ಟಿಕೊಂಡಿದ್ದರಂತೆ. ಒಳ್ಳೆಯದೇ. ಆದರೆ ಕೇಳುವವಳು ನಾನೇ ಆದಾಗ, ಅವರು ಇಲ್ಲ ಅನ್ನಲಿ ಅಂತ ಕಾಯುವುದು ತಮಾಷೆ ಅಲ್ವಾ?

ಹಾಗಾಗಿ ಕೇಳುವುದನ್ನೇ ಬಿಟ್ಟೆ. ಈಗ ಹೆಸರಿನ ಅಕ್ಷರದ ಕ್ರಮದಲ್ಲಿ ಸರದಿ. ಮೊದಲ ಸರದಿ ಬಂದ ಹುಡುಗ ಮೂರು ದಿನ ತಡವಾಗಿ, ಎರಡೇ ಸಾಲಿನ ಮಿನಿಟ್ಸ್ ಕಳಿಸಿದ. ಅದರಲ್ಲಿ ಒಂದು ಸಾಲು "ಚರ್ಚೆ ನಡೆಯಿತು".

ಪಕ್ಕದ ಸೀಟಿನವಳು ನನ್ನ ಮುಖ ನೋಡಿದಳು. "ಮೇಡಂ, ನಾನೇ ಸರಿ ಮಾಡಿ ಕೊಡ್ಲಾ?" ಬೇಡ ಅಂದೆ. ಅವನಿಗೇ ವಾಪಸ್ ಕಳಿಸಿದೆ. ಎರಡನೇ ಸಲ ಆರು ಸಾಲು ಬಂತು.